ಮೈಕ್ರೋವೇವ್‌ಗೂ ಸಣ್ಣ ಉರಿ ಇದೆ

ಒಲೆ ಮೇಲೆ ಹಾಲು ಉಕ್ಕಿ ಬರುತ್ತಿದ್ದರೆ ಉರಿ ಸಣ್ಣ ಮಾಡಿ ಎಂದು ಯಾರೂ ಹೇಳಿಕೊಡಬೇಕಿಲ್ಲ, ಕೈ ತಾನಾಗಿ ಹೋಗುತ್ತದೆ. ಅದೇ ಕೈ ಮೈಕ್ರೋವೇವ್ ಮುಂದೆ ನಿಂತಾಗ ಮಾತ್ರ ನಿಮಿಷ ಒತ್ತಿ, ಸ್ಟಾರ್ಟ್ ಒತ್ತಿ ಸುಮ್ಮನಾಗುತ್ತದೆ. ನಾವು ಬೇರೇನೂ ಹೇಳದಿದ್ದರೆ ಯಂತ್ರ ಪೂರ್ತಿ ಪವರ್‌ನಲ್ಲೇ ಓಡುತ್ತದೆ. ಅನ್ನ ಬಿಸಿ ಮಾಡುವುದಕ್ಕೂ ಬೆಣ್ಣೆ ಮೆತ್ತಗೆ ಮಾಡುವುದಕ್ಕೂ ಒಂದೇ ದೊಡ್ಡ ಉರಿ. ಮೊದಲ ಎರಡು ಮೂರು ವರ್ಷ ನಾನೂ ಹಾಗೇ ಮಾಡಿದೆ. ಅಂಚೆಲ್ಲ ಒಣಗಿ ಗಟ್ಟಿ, ನಡುವೆ ತಣ್ಣಗೆ. ಯಂತ್ರವೇ ಸರಿಯಿಲ್ಲ ಅಂದುಕೊಂಡಿದ್ದೆ. ಪವರ್ ಹೆಚ್ಚು ಕಡಿಮೆ ಮಾಡುವ ಬಟನ್ ಒಂದನ್ನು ಬಳಸಲು ಶುರುಮಾಡಿದ ಮೇಲೆ ಅದೇ ಯಂತ್ರದಲ್ಲಿ ಅಡುಗೆ ಹದಕ್ಕೆ ಬಂತು.

ಆ ಬಟನ್ ಏನು ಮಾಡುತ್ತದೆ ಎಂದು ತಿಳಿಯಲು ಒಂದು ಬಟ್ಟಲು ನೀರಿಟ್ಟು, ಪವರ್ ಶೇಕಡಾ 50ಕ್ಕೆ ಇಳಿಸಿ, ಎರಡು ನಿಮಿಷ ಓಡಿಸಿ. ಕಿವಿಗೊಟ್ಟು ಕೇಳಿ. ತಟ್ಟೆ ತಿರುಗುತ್ತಲೇ ಇರುತ್ತದೆ, ದೀಪವೂ ಉರಿಯುತ್ತದೆ. ಆದರೆ ಹಿಂದಿನಿಂದ ಬರುವ ಗುಂಯ್ ಎನ್ನುವ ಭಾರವಾದ ಸದ್ದು ಸ್ವಲ್ಪ ಹೊತ್ತು ಬಂದು, ನಿಂತು, ಮತ್ತೆ ಬರುತ್ತದೆ. ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಅರ್ಧ ಹೊತ್ತು ಕೆಲಸ ಮಾಡಿ ಅರ್ಧ ಹೊತ್ತು ಸುಮ್ಮನಿರುವುದು ಹೀಗೆ. ಉರಿ ಸಣ್ಣದಾಗುವುದಿಲ್ಲ, ದೊಡ್ಡ ಉರಿಯೇ ಬಿಟ್ಟು ಬಿಟ್ಟು ಬರುತ್ತದೆ. ಒಳಗೇ ಇನ್ವರ್ಟರ್ (ಕರೆಂಟ್ ಹೋದಾಗ ಬಳಸುವ ಮನೆಯ ಇನ್ವರ್ಟರ್ ಅಲ್ಲ) ಇರುವ ಯಂತ್ರಗಳು ಮಾತ್ರ ನಿಜವಾಗಿಯೇ ಪವರ್ ತಗ್ಗಿಸಿ ಎಡೆಬಿಡದೆ ಓಡುತ್ತವೆ. ನಿಮ್ಮದು ಬಿಟ್ಟು ಬಿಟ್ಟು ಓಡುವುದಾದರೆ ಕಡಿಮೆ ಪವರ್‌ನಲ್ಲಿ ಹತ್ತು ಸೆಕೆಂಡ್ ಇಡುವುದರಲ್ಲಿ ಅರ್ಥವಿಲ್ಲ. ಆ ಹತ್ತು ಸೆಕೆಂಡ್ ಪೂರ್ತಿ ಉರಿಯೇ ಆಗಬಹುದು, ಏನೂ ಇಲ್ಲದೆಯೂ ಹೋಗಬಹುದು.

ಹೀಗೆ ಬಿಟ್ಟು ಬಿಟ್ಟು ಬರುವುದರಿಂದ ಆಗುವ ಉಪಕಾರ ದೊಡ್ಡದು. ಅಲೆಗಳು ಆಹಾರದೊಳಗೆ ಎರಡು ಮೂರು ಸೆಂಟಿಮೀಟರ್‌ನಷ್ಟು ಮಾತ್ರ ಚೆನ್ನಾಗಿ ಇಳಿಯುತ್ತವೆ. ಅದರಾಚೆಗೆ ಬಿಸಿ ತಾನೇ ಹರಿದುಕೊಂಡು ಹೋಗಬೇಕು. ಅದಕ್ಕೆ ಬಿಡುವು ಬೇಕು. ದಪ್ಪನೆಯದು, ಗಟ್ಟಿಯಾದದ್ದು, ನಿನ್ನೆಯದನ್ನು ಫ್ರಿಜ್‌ನಿಂದ ತೆಗೆದದ್ದು ಏನೇ ಇರಲಿ, ನಾನು 60 ಅಥವಾ 70ರಲ್ಲಿ ಮುಚ್ಚಿಟ್ಟು, ನಡುವೆ ಒಮ್ಮೆ ಕಲಕಿ ಬಿಸಿ ಮಾಡುತ್ತೇನೆ. ಮುಚ್ಚಳದಲ್ಲಿ ಉಗಿ ಹೋಗಲು ಸಂದು ಇರಲೇಬೇಕು. ಕಲಕಲಾಗದ್ದನ್ನು ತಟ್ಟೆಯ ನಡುವೆ ಗುಡ್ಡೆ ಹಾಕದೆ ಅಂಚಿನ ಸುತ್ತ ಉಂಗುರದಂತೆ ಹರಡಿ. ನೀರು ಕುದಿಸಲು, ಹಸಿ ತರಕಾರಿ ಬೇಯಿಸಲು ಪೂರ್ತಿ ಪವರ್. ಅನ್ನಕ್ಕೆ ಕುದಿ ಬರುವವರೆಗೆ ಪೂರ್ತಿ, ಆಮೇಲೆ 50. ಚಾಕೊಲೇಟ್ 50ರಲ್ಲಿ, ಅರ್ಧ ಅರ್ಧ ನಿಮಿಷಕ್ಕೊಮ್ಮೆ ತೆಗೆದು ಕಲಕುತ್ತಾ. ಅದು ಕರಗಿದರೂ ಆಕಾರ ಬಿಡುವುದಿಲ್ಲ, ಕರಗಿಲ್ಲ ಎಂದುಕೊಂಡು ಮತ್ತೆ ಇಟ್ಟರೆ ಒಳಗೆ ಸೀದುಹೋಗುತ್ತದೆ. ಬೆಣ್ಣೆ ಮೆತ್ತಗಾಗಲು 20 ಸಾಕು.

ಡಿಫ್ರಾಸ್ಟ್, ಅಂದರೆ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದ್ದನ್ನು ಬಿಡಿಸುವುದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. "ಅಮ್ಮಾ, ಒಂದು ಕಡೆ ಬೆಂದೇ ಹೋಗಿದೆ, ಇನ್ನೊಂದು ಕಡೆ ಕಲ್ಲು" ಎಂದು ಮಗಳು ಫೋನ್ ಮಾಡಿದ್ದು ಇದೇ ವಿಷಯಕ್ಕೆ. ಮಂಜುಗಡ್ಡೆ ಈ ಅಲೆಗಳನ್ನು ಬಹಳ ಕಡಿಮೆ ಹೀರುತ್ತದೆ, ನೀರು ಗಬಗಬನೆ ಹೀರುತ್ತದೆ. ಎಲ್ಲೋ ಒಂದು ಮೂಲೆ ಮೊದಲು ಕರಗಿತು ಅಂದರೆ ಅಲ್ಲಿಂದಾಚೆಗೆ ಬಿಸಿಯೆಲ್ಲ ಆ ಮೂಲೆಗೇ. ಉಳಿದ ಭಾಗ ಹಾಗೇ ಹೆಪ್ಪುಗಟ್ಟಿರುತ್ತದೆ. ಆದ್ದರಿಂದ 30ಕ್ಕಿಂತ ಮೇಲೆ ಹೋಗಬೇಡಿ. ಎರಡು ನಿಮಿಷಕ್ಕೊಮ್ಮೆ ತೆಗೆದು, ಬಿಟ್ಟುಕೊಂಡ ಭಾಗವನ್ನು ಕಿತ್ತು ಬೇರೆ ಇಡಿ, ಉಳಿದದ್ದನ್ನು ಮಗುಚಿ ಒಳಗಿಡಿ. ಪೂರ್ತಿ ಕರಗುವ ಮೊದಲೇ ನಿಲ್ಲಿಸಿ ಐದು ಹತ್ತು ನಿಮಿಷ ಹಾಗೇ ಬಿಟ್ಟರೆ ನಡುವಿನದು ತಾನೇ ಸಡಿಲವಾಗುತ್ತದೆ. ಹೀಗೆ ಬಿಡಿಸಿದ್ದನ್ನು ಕೂಡಲೇ ಬೇಯಿಸಿ, ಹೊರಗಿಟ್ಟು ಮರೆಯಬೇಡಿ.

ಅಡುಗೆ ಪುಸ್ತಕದಲ್ಲಿ ಕೊಟ್ಟ ಸಮಯ ನಿಮ್ಮ ಯಂತ್ರಕ್ಕೆ ಹೊಂದದಿದ್ದರೆ ಅದರ ವ್ಯಾಟ್ ನೋಡಿ. ಬೆನ್ನಿಗೆ ಅಥವಾ ಬಾಗಿಲಿನ ಅಂಚಿಗೆ ಚೀಟಿ ಇರುತ್ತದೆ. ಅದರಲ್ಲಿ ಇನ್‌ಪುಟ್ ಅಂತ ಇರುವ ದೊಡ್ಡ ಸಂಖ್ಯೆ ಯಂತ್ರ ಎಳೆಯುವ ಕರೆಂಟಿನದು. ನಮಗೆ ಬೇಕಾದದ್ದು ಔಟ್‌ಪುಟ್, ಅಂದರೆ ಅಡುಗೆಗೆ ಸಿಗುವ ಪವರ್. ಪುಸ್ತಕದಲ್ಲಿ 1000 ವ್ಯಾಟ್‌ಗೆ 3 ನಿಮಿಷ ಎಂದಿದ್ದು ನಿಮ್ಮದು 700 ಆದರೆ, 180 ಸೆಕೆಂಡನ್ನು 1000ದಿಂದ ಗುಣಿಸಿ 700ರಿಂದ ಭಾಗಿಸಿ. ಹತ್ತಿರ ಹತ್ತಿರ 4 ನಿಮಿಷ 15 ಸೆಕೆಂಡ್. ಚೀಟಿ ಅಳಿಸಿಹೋಗಿದ್ದರೆ ಒಂದು ಲೀಟರ್ ತಣ್ಣೀರನ್ನು ಪೂರ್ತಿ ಪವರ್‌ನಲ್ಲಿ ಎರಡು ನಿಮಿಷ ಕಾಯಿಸಿ, ಕಲಕಿ, ಥರ್ಮಾಮೀಟರ್‌ನಲ್ಲಿ ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿತು ನೋಡಿ. ಅದನ್ನು 35ರಿಂದ ಗುಣಿಸಿದರೆ ವ್ಯಾಟ್ ಸುಮಾರಾಗಿ ಗೊತ್ತಾಗುತ್ತದೆ. 20 ಡಿಗ್ರಿ ಏರಿದ್ದರೆ 700.

ಕನ್ವೆಕ್ಷನ್, ಗ್ರಿಲ್ ಎರಡೂ ಬೇರೆಯೇ ಕೆಲಸಗಳು. ಗ್ರಿಲ್‌ನಲ್ಲಿ ಮೇಲಿನ ಕಾಯಿಲ್ ಕಾದು ಮೇಲ್ಮೈ ಕೆಂಪಗಾಗುತ್ತದೆ, ಕನ್ವೆಕ್ಷನ್‌ನಲ್ಲಿ ಬಿಸಿಗಾಳಿ ಸುತ್ತುತ್ತದೆ. ಕೇಕ್ ಅಚ್ಚಿನಂಥ ಲೋಹದ ಪಾತ್ರೆ ಬರೀ ಕನ್ವೆಕ್ಷನ್‌ಗೆ ಸರಿ, ಮೈಕ್ರೋ ಮೋಡ್‌ಗೆ ಬೇಡ. ಪ್ಲಾಸ್ಟಿಕ್ ಡಬ್ಬಿ ಇದಕ್ಕೆ ತದ್ವಿರುದ್ಧ: ಮೈಕ್ರೋಗೆಂದೇ ಮಾಡಿದ ಡಬ್ಬಿಯೂ ಗ್ರಿಲ್‌ನಲ್ಲಿ ಕರಗಿ ಕೂರುತ್ತದೆ. ಸಮಯ, ಪವರ್ ಎರಡನ್ನೂ ಯಂತ್ರವೇ ಆರಿಸುವ ಆಟೋ ಮೆನು ಬಳಸುವುದಾದರೆ ಆಹಾರದ ತೂಕ ಸರಿಯಾಗಿ ಹಾಕಿ, ಯಂತ್ರದ ಲೆಕ್ಕವೆಲ್ಲ ಆ ತೂಕದ ಮೇಲೆಯೇ.

ಇನ್ನೊಂದು, ಇದನ್ನು ದಯವಿಟ್ಟು ಮನಸ್ಸಿನಲ್ಲಿಡಿ. ನುಣುಪಾದ ಲೋಟದಲ್ಲಿ ಬರೀ ನೀರು ಹೆಚ್ಚು ಹೊತ್ತು ಕಾಯಿಸಿದರೆ ಕುದಿಬಿಂದು ದಾಟಿದರೂ ಗುಳ್ಳೆ ಏಳದೆ ಸುಮ್ಮನಿರಬಹುದು, ಆಗ ಚಮಚ ತಾಗಿದ ಕೂಡಲೇ ಭುಗಿಲೆದ್ದು ಮುಖಕ್ಕೆ ಹಾರುತ್ತದೆ. ನಾನು ಮರದ ಕಡ್ಡಿಯೊಂದನ್ನು ನೀರಿನಲ್ಲಿಟ್ಟೇ ಕಾಯಿಸುತ್ತೇನೆ, ನಿಂತ ಮೇಲೂ ಅರ್ಧ ನಿಮಿಷ ಕಾದು ಬಾಗಿಲು ತೆಗೆಯುತ್ತೇನೆ. ಸಿಪ್ಪೆ ಸಮೇತ ಮೊಟ್ಟೆಯನ್ನು ಎಷ್ಟೇ ಸಣ್ಣ ಪವರ್‌ನಲ್ಲೂ ಇಡಬೇಡಿ. ಆಲೂಗೆಡ್ಡೆ ಇಡುವ ಮೊದಲು ಫೋರ್ಕಿನಿಂದ ನಾಲ್ಕೈದು ಕಡೆ ಚುಚ್ಚಿ.