ಗಣೇಶನ ಹಬ್ಬಕ್ಕೆ ಬಿತ್ತಿ, ಸಂಕ್ರಾಂತಿಗೆ ನೋಡಿ: ತಾರಸಿಯಲ್ಲಿ ಪ್ಯಾನ್ಸಿ

ಪ್ಯಾನ್ಸಿ ಹೂವಿಗೆ ಮುಖವಿದೆ. ಮೇಲೆ ಎರಡು ಎಸಳು, ಅಕ್ಕಪಕ್ಕ ಎರಡು, ಕೆಳಗೊಂದು. ನಡುವೆ ಯಾರೋ ಕಾಡಿಗೆ ತೀಡಿದಂಥ ಮಚ್ಚೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ತಾರಸಿಗೆ ಹೋದರೆ ಹತ್ತಾರು ಪುಟ್ಟ ಮುಖಗಳು ಹುಬ್ಬು ಗಂಟಿಕ್ಕಿಕೊಂಡು ನೋಡುತ್ತವೆ. ಎಲ್ಲವೂ ಬೆಳಕಿನ ಕಡೆಗೇ ತಿರುಗುತ್ತವೆ ಎಂಬುದನ್ನು ನೆನಪಿಟ್ಟು ಕುಂಡ ಇಡಿ. ಇಲ್ಲದಿದ್ದರೆ ಮುಖ ಎದುರು ಮನೆಯವರಿಗೆ, ಬೆನ್ನು ನಿಮಗೆ.

ಇದು ಚಳಿಯ ನಾಡಿನ ಗಿಡ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ತೋಟಗಾರರು ಕಾಡು ವಯೋಲಾ ಗಿಡಗಳನ್ನು ಒಂದಕ್ಕೊಂದು ಕೂಡಿಸಿ ರೂಪಿಸಿದ್ದು. ಹೀಗಾಗಿ ನಮ್ಮಲ್ಲಿ ಪ್ಯಾನ್ಸಿ ಬೆಳೆಯುವವರು ಗೊಬ್ಬರಕ್ಕಿಂತ ಮೊದಲು ಕ್ಯಾಲೆಂಡರ್ ನೋಡಬೇಕು. ಈ ಮಾತನ್ನು ನಾನು ಕಲಿತದ್ದು ಒಂದು ಪೊಟ್ಟಣ ಬೀಜ ಕಳೆದುಕೊಂಡು. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಬಿತ್ತಿ, ದಿನಕ್ಕೆರಡು ಬಾರಿ ನೀರು ಚಿಮುಕಿಸಿ, ಒಂದು ತಿಂಗಳು ಕಾದೆ. ಬಂದದ್ದು ಗರಿಕೆ ಹುಲ್ಲು. ಬೀಜ ಮಾರಿದವನನ್ನು ಮನಸ್ಸಿನಲ್ಲೇ ಬೈದೆ, ತಪ್ಪು ನನ್ನದೇ ಆಗಿತ್ತು: 15ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಮೊಳೆಯುವ ಬೀಜ, 25 ದಾಟಿದರೆ ಮುನಿಸಿಕೊಳ್ಳುತ್ತದೆ.

ಬೆಂಗಳೂರು, ಮೈಸೂರು, ಹಾಸನ, ಬೆಳಗಾವಿಯಂಥ ಊರುಗಳಲ್ಲಿ ಗೌರಿ-ಗಣೇಶ ಹಬ್ಬದ ಆಸುಪಾಸಿನಲ್ಲಿ ಬಿತ್ತಿ. ಮಡಿಕೇರಿ, ಚಿಕ್ಕಮಗಳೂರಿನವರು ಭಾಗ್ಯವಂತರು, ಅವರಿಗೆ ಅವಸರವಿಲ್ಲ. ಕರಾವಳಿಯವರು ಮಾತ್ರ ಈ ಆಸೆ ಬಿಡುವುದು ಒಳ್ಳೆಯದು. ಚಳಿಗಾಲದ ರಾತ್ರಿಯೂ ಸೆಕೆಯಿರುವಲ್ಲಿ ಈ ಗಿಡ ಬಾಳುವುದಿಲ್ಲ.

ಬಿತ್ತನೆಗೆ ಅಗಲವಾದ ಮಣ್ಣಿನ ತಟ್ಟೆ ತೆಗೆದುಕೊಳ್ಳಿ, ತಳದಲ್ಲಿ ತೂತು ಇರಲಿ. ಪ್ಲಾಸ್ಟಿಕ್ ಟ್ರೇಯಲ್ಲೂ ಆಗುತ್ತದೆ, ಆದರೆ ಮಣ್ಣಿನ ಪಾತ್ರೆ ಹೂಜಿಯಂತೆ ತನ್ನನ್ನು ತಾನೇ ತಂಪಾಗಿ ಇಟ್ಟುಕೊಳ್ಳುತ್ತದೆ. ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು ಮೂರಕ್ಕೆ ಒಂದರಂತೆ ಬೆರೆಸಿ ತುಂಬಿ, ಮೊದಲೇ ನೆನೆಸಿ. ಬೀಜ ಸಾಸಿವೆಗಿಂತ ಸಣ್ಣದು; ಒಂದೊಂದಾಗಿ ಎರಡು ಸೆಂಟಿಮೀಟರ್ ಅಂತರದಲ್ಲಿ ಇಟ್ಟು ಮೇಲೆ ಮೂರು ಮಿಲಿಮೀಟರಿನಷ್ಟು ಕೊಕೊಪೀಟ್ ಉದುರಿಸಿ. ಪ್ಯಾನ್ಸಿ ಕತ್ತಲಲ್ಲೇ ಚೆನ್ನಾಗಿ ಮೊಳೆಯುತ್ತದೆ. ಆದ್ದರಿಂದ ತಟ್ಟೆಯ ಮೇಲೆ ಒದ್ದೆ ಗೋಣಿತಾಟು ಹೊದಿಸಿ ನೆರಳಿನಲ್ಲಿಡಿ: ಕತ್ತಲೂ ಆಯಿತು, ತಂಪೂ ಆಯಿತು. ಆರನೆಯ ದಿನದಿಂದ ಪ್ರತಿ ಬೆಳಿಗ್ಗೆ ಗೋಣಿ ಎತ್ತಿ ನೋಡಿ. ಮೊದಲ ಬಿಳಿ ಕುತ್ತಿಗೆ ಕಂಡ ದಿನವೇ ಅದನ್ನು ತೆಗೆದುಬಿಡಬೇಕು. ಎರಡು ದಿನ ತಡವಾದರೆ ಸಸಿಗಳು ಬೆಳಕು ಹುಡುಕುತ್ತಾ ದಾರದಂತೆ ಉದ್ದವಾಗಿ ಮಲಗುತ್ತವೆ.

ಈ ಹಂತದಲ್ಲಿ ಕೊಲ್ಲುವುದು ಪ್ರೀತಿ, ಅಂದರೆ ಅತಿಯಾದ ನೀರು. ಬುಡ ಕೊಳೆತು ಇಡೀ ತಟ್ಟೆ ಒಂದೇ ರಾತ್ರಿಯಲ್ಲಿ ಬೀಳಬಹುದು. ಮೇಲ್ಮಣ್ಣು ಸ್ವಲ್ಪ ಒಣಗಿದ ಮೇಲೆ ತಟ್ಟೆಯನ್ನು ನೀರಿರುವ ಬೋಗುಣಿಯಲ್ಲಿ ಹತ್ತು ನಿಮಿಷ ಇಟ್ಟು ತಳದಿಂದ ಕುಡಿಸಿ.

ಮೊಳಕೆಯ ಮೊದಲ ಜೋಡಿ ಬೀಜದೆಲೆ ಬಿಟ್ಟು ನಾಲ್ಕೈದು ನಿಜವಾದ ಎಲೆ ಬರುವಾಗ ದಸರಾ ಮುಗಿಯುತ್ತಾ ಬಂದಿರುತ್ತದೆ. ಎಂಟು ಇಂಚಿನ ಕುಂಡಕ್ಕೆ ಎರಡು, ನೆಲದಲ್ಲಾದರೆ 15ರಿಂದ 20 ಸೆಂಟಿಮೀಟರಿಗೆ ಒಂದು ಸಸಿ. ಕೆಂಪು ಮಣ್ಣು, ಕೊಕೊಪೀಟ್, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ. ಸಸಿಯನ್ನು ಸಂಜೆ ಹೊತ್ತು ನೆಟ್ಟು ಮೂರು ದಿನ ನೆರಳಿನಲ್ಲಿಟ್ಟು, ಆಮೇಲೆ ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವ ಜಾಗಕ್ಕೆ ತನ್ನಿ. ಮೊದಲ ಮೊಗ್ಗನ್ನು ಚಿವುಟಿಬಿಡಿ. ಕೈ ಬರುವುದಿಲ್ಲ, ಗೊತ್ತು, ಆದರೂ ಚಿವುಟಿದರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ.

ಗೊಬ್ಬರದಲ್ಲಿ ಧಾರಾಳತನ ಬೇಡ. ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿಯನ್ನು ನೆನೆಸಿ ಸೋಸಿ, ತೆಳು ಚಹಾದ ಬಣ್ಣ ಬರುವಷ್ಟು ನೀರು ಸೇರಿಸಿ ಹಾಕಿದರೆ ಸಾಕು. ಜಾಸ್ತಿಯಾದರೆ ಸೊಪ್ಪು ಬೆಳೆಯುತ್ತದೆ, ಹೂವಲ್ಲ. ಇನ್ನೊಂದು ತೊಂದರೆ ಕೊಳವೆಬಾವಿಯ ಗಡಸು ನೀರು. ಪ್ಯಾನ್ಸಿಗೆ ತುಸು ಹುಳಿ, ಅಂದರೆ ಆಮ್ಲೀಯ, ಮಣ್ಣು ಇಷ್ಟ. ಗಡಸು ನೀರನ್ನೇ ಹಾಕುತ್ತಾ ಬಂದರೆ ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಈ ಕುಂಡಗಳಿಗೆ ಮೀಸಲಿಡಿ.

ಹೂ ಶುರುವಾದ ಮೇಲಿನ ಮುಖ್ಯ ಕೆಲಸ ಬಾಡಿದ್ದನ್ನು ತೆಗೆಯುವುದು. ಬಾಡಿದ ಪ್ಯಾನ್ಸಿ ಹಿಂಡಿದ ಕರವಸ್ತ್ರದಂತೆ ಮುದುಡಿಕೊಳ್ಳುತ್ತದೆ. ಬರೀ ಎಸಳು ಕಿತ್ತರೆ ಸಾಲದು, ತೊಟ್ಟನ್ನು ಬುಡದವರೆಗೆ ಹಿಂಬಾಲಿಸಿ ಉಗುರಿನಲ್ಲಿ ಕತ್ತರಿಸಿ. ಕಾಯಿಗೂ ಮೊಗ್ಗಿಗೂ ಗೊಂದಲವಾಗುವುದು ಸಹಜ, ಎರಡೂ ತಲೆ ಬಗ್ಗಿಸಿಕೊಂಡೇ ಇರುತ್ತವೆ. ಮೊಗ್ಗಿನ ಮೂತಿ ಚೂಪು, ತುದಿಯಲ್ಲಿ ಬಣ್ಣ ಇಣುಕುತ್ತದೆ. ಕಾಯಿ ಗುಂಡಗೆ, ಪೂರ್ತಿ ಹಸಿರು. ಒಂದೆರಡು ಕಾಯಿ ಬಿಟ್ಟು ನೋಡುವ ಚಪಲವಿದ್ದರೆ ಬಿಡಿ. ಬಲಿತಾಗ ತಲೆ ಎತ್ತಿ, ಮೂರು ಪುಟ್ಟ ದೋಣಿಗಳಾಗಿ ಬಿರಿದು, ಅಂಚುಗಳು ಒಳಗೆ ಬಿಗಿದು ಬೀಜವನ್ನು ದೂರಕ್ಕೆ ಚಿಮ್ಮಿಸುತ್ತವೆ. ಹೈಬ್ರಿಡ್ ಗಿಡದ ಆ ಬೀಜ ಬಿತ್ತಿದರೆ ತಾಯಿಯ ಮುಖವೇ ಬರುತ್ತದೆಂಬ ಖಾತರಿಯಿಲ್ಲ.

ಗಿಡಹೇನು ಕಂಡರೆ ಒಂದು ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರವ ಬೆರೆಸಿ ಸಂಜೆ ಸಿಂಪಡಿಸಿ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ.

ಸಂಕ್ರಾಂತಿಯ ಹೊತ್ತಿಗೆ ಕುಂಡ ತುಂಬಿರುತ್ತದೆ. ಮಾರ್ಚ್ ಬಿಸಿಲಿಗೆ ದಂಟು ಉದ್ದವಾಗಿ, ಹೂ ನಾಣ್ಯದಷ್ಟಾಗುತ್ತದೆ. ಆಗ ನೆರಳುಬಲೆ ಕಟ್ಟಿ ಒದ್ದಾಡಬೇಡಿ, ಕಿತ್ತು ಗೊಬ್ಬರದ ಗುಂಡಿಗೆ ಹಾಕಿ ಅದೇ ಕುಂಡಕ್ಕೆ ಜಿನ್ನಿಯಾ ಬಿತ್ತಿ. ಮುಂದಿನ ಗಣೇಶನಿಗೆ ಪ್ಯಾನ್ಸಿಗೆ ಬೇರೆ ಮಣ್ಣು ಕೊಡಿ. ಬೇರು ಕೊಳೆಸುವ ಶಿಲೀಂಧ್ರ ಹಳೆಯ ಮಣ್ಣಿನಲ್ಲಿ ಕಾದು ಕುಳಿತಿರುತ್ತದೆ.