ಭರತ-ಇಳಿತ ನೋಡಿ ಹಾಕಿದ ಕುಮಟಾ ಪ್ರವಾಸದ ಲೆಕ್ಕ

ಉತ್ತರ ಕನ್ನಡದ ಕರಾವಳಿಗೆ ಮೊದಲ ಸಲ ಹೋದಾಗ ಮೂರು ದಿನಕ್ಕೆ ಒಂಬತ್ತು ಜಾಗ ಬರೆದುಕೊಂಡಿದ್ದೆ. ಮುರುಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಮಿರ್ಜಾನ್ ಕೋಟೆ, ಗೋಕರ್ಣ, ಕಾರವಾರ, ಹೀಗೆ. ಮ್ಯಾಪಿನಲ್ಲಿ ಎಲ್ಲವೂ ಹೆದ್ದಾರಿಯ ಆಚೀಚೆ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು. ಗೋಕರ್ಣ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಮಹಾಬಲೇಶ್ವರನ ಬಾಗಿಲು ಹಾಕಿತ್ತು. ಮಂಡಿನೋವಿನ ಅತ್ತೆ ಒಂದು ಅಂಗಡಿಯ ಜಗಲಿ ಮೇಲೆ ಕೂತು, "ಇಲ್ಲೀತನಕ ಬಂದು ಆತ್ಮಲಿಂಗ ನೋಡದೇ ಹೋಗೋದೇನೇ?" ಅಂದರು. ಕತ್ತಲಾಗುವುದರೊಳಗೆ ಕಾರವಾರ ಸೇರಬೇಕಿತ್ತು, ಹೊರಟುಬಿಟ್ಟೆವು. ಆ ಮಾತು ಎರಡು ವರ್ಷ ನನ್ನನ್ನು ಬಿಡಲಿಲ್ಲ.

ಹಾಗಾಗಿ ಎರಡನೇ ಸಲ ಜಾಗಗಳ ಪಟ್ಟಿಯಿಂದ ಶುರು ಮಾಡಲಿಲ್ಲ. ಒಂದು ದೊಡ್ಡ ಹಾಳೆಗೆ ಗೆರೆ ಹಾಕಿ ದಿನಕ್ಕೊಂದು ಸಾಲು ಮಾಡಿದೆ. ಪ್ರತಿ ಸಾಲಿನಲ್ಲಿ ಮೊದಲು ಬರೆದದ್ದು ಮೂರು: ಸಮುದ್ರದ ಭರತ-ಇಳಿತದ (ನೀರು ಏರುವ, ಇಳಿಯುವ) ಹೊತ್ತು, ಸೂರ್ಯ ಮುಳುಗುವ ಹೊತ್ತು, ದೇವಸ್ಥಾನದ ಬಾಗಿಲು ತೆರೆದಿರುವ ಹೊತ್ತು. ಕಾರವಾರ ಬಂದರಿನ ಉಬ್ಬರದ ವೇಳಾಪಟ್ಟಿ ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ ಬೆಳಗಿನ ಇಳಿತ ಎಂಟೂವರೆ-ಒಂಬತ್ತರ ಸುಮಾರಿಗೆ ಬೀಳುತ್ತಿತ್ತು. ನನಗೆ ಬೇಕಾಗಿದ್ದ ಹೊತ್ತು ಅದೇ. ಜನವರಿಯ ಆ ವಾರವನ್ನೇ ಹಿಡಿದೆ. ಡಿಸೆಂಬರ್ ಕೊನೆಯ ವಾರ ಮತ್ತು ಉದ್ದದ ರಜೆಗಳನ್ನು ಬಿಟ್ಟರೆ ನವೆಂಬರಿನಿಂದ ಫೆಬ್ರವರಿವರೆಗೆ ಎಂದಾದರೂ ಹೋಗಬಹುದು. ಮಾರ್ಚ್ ಬಂತೆಂದರೆ ವಯಸ್ಸಾದವರಿಗೆ ಆ ಸೆಕೆ ತಡೆಯುವುದಿಲ್ಲ.

ಕಾರು ಬೇಡ ಎಂದದ್ದೂ ನಾನೇ. ಬೆಂಗಳೂರಿನಿಂದ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕುಮಟಾ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ವಾರಾಂತ್ಯದ ಟಿಕೆಟ್ ಬೇಕಿದ್ದರೆ ಅದೇ ದಿನ ಬೆಳಗ್ಗೆ ಕೂತುಬಿಡಬೇಕು. ನನಗೆ ಕೆಳಗಿನ ಬರ್ತ್ ಒಂದೇ ಸಿಕ್ಕಿತು, ಅತ್ತೆಗೆ ಅದು ಸಾಕಿತ್ತು. ಹೊನ್ನಾವರದಲ್ಲಿ ಶರಾವತಿ ಸೇತುವೆ ಬಂದಾಗ ರೈಲಿನ ಸದ್ದೇ ಬದಲಾಯಿತು. ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ ಸೇತುವೆ. ಮಗಳು ಎದ್ದು ಕಿಟಕಿಗೆ ಮೂಗು ಒತ್ತಿಕೊಂಡು ಕೂತಳು.

ನಾಲ್ಕು ರಾತ್ರಿಯೂ ಕುಮಟಾದಲ್ಲೇ. ದಿನಾ ಚೀಲ ಕಟ್ಟುವ ಕೆಲಸ ತಪ್ಪಿದ್ದೇ ಅರ್ಧ ವಿಶ್ರಾಂತಿ. ದಿನಕ್ಕೆ ಒಂದೇ ದೊಡ್ಡ ತಿರುಗಾಟ, ಮಧ್ಯಾಹ್ನ ಊಟ-ನಿದ್ದೆ, ಸಂಜೆ ಆರಕ್ಕೆ ಎಲ್ಲಿದ್ದರೂ ಕಡಲ ದಂಡೆ. ಸೂರ್ಯ ಮುಳುಗುತ್ತಿದ್ದುದು ಆರೂ ಇಪ್ಪತ್ತರ ಸುಮಾರಿಗೆ. ಮುರುಡೇಶ್ವರದ 123 ಅಡಿಯ ಶಿವನನ್ನು ಮೊದಲ ಸಲ ನೋಡಿದ್ದರಿಂದ ಪಟ್ಟಿಯಿಂದ ತೆಗೆದೆ. ಯಾಣಕ್ಕೆ ಕಾಡುದಾರಿ, ಮೆಟ್ಟಿಲು. ಅಲ್ಲಿನ 120 ಮೀಟರಿನ ಭೈರವೇಶ್ವರ ಶಿಖರ ಎಂಬ ಕಲ್ಲುಬಂಡೆಯನ್ನು ಯಜಮಾನರು ಮತ್ತು ಮಗಳು ನೋಡಿಬಂದರು, ಅತ್ತೆ ಮತ್ತು ನಾನು ಕುಮಟಾದಲ್ಲೇ ಉಳಿದೆವು. ಎಲ್ಲರೂ ಎಲ್ಲ ಕಡೆ ಹೋಗಲೇಬೇಕೆಂಬ ಹಟ ಬಿಟ್ಟರೆ ಮನೆಮಂದಿಯ ಪ್ರವಾಸ ಎಷ್ಟು ಹಗುರ! ಹೊನ್ನಾವರದ ಕಾಂಡ್ಲಾವನದ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು) ಮರದ ಕಾಲುದಾರಿ ಮಾತ್ರ ಅತ್ತೆಗೆ ಹೇಳಿ ಮಾಡಿಸಿದಂತಿತ್ತು, ಸಮತಟ್ಟು, ನೆರಳು. ಇಳಿತದ ಹೊತ್ತಿಗೇ ಹೋದದ್ದರಿಂದ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳ ನಡುವೆ ಏಡಿಗಳು ಓಡಾಡುವುದು ಕಾಣಿಸಿತು. ನೀರಿಗಿಳಿಯಲು ಹೊನ್ನಾವರದ ಪಕ್ಕದ ಕಾಸರಕೋಡಿನ ಇಕೋ ಬೀಚು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಪಡೆದದ್ದು. ನದಿ ಕಡಲಿಗೆ ಸೇರುವ ಅಳಿವೆಯ ಬಳಿ ಮಾತ್ರ ಇಳಿತದ ಹೊತ್ತಿನಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ, ಸೆಳೆತ ಬಲವಾಗಿರುತ್ತದೆ.

ಇದೆಲ್ಲಕ್ಕಿಂತ ನಾನು ಹೆಚ್ಚು ಯೋಚಿಸಿ ಹಾಕಿದ್ದು ಎರಡನೇ ದಿನದ ಸಾಲು. ಗೋಕರ್ಣಕ್ಕೆ ಹೆದ್ದಾರಿ ಬಿಟ್ಟು ನದಿ ದಾಟಿ ಹೋಗುವುದು. ಅಘನಾಶಿನಿ ಒಂದೂ ಅಣೆಕಟ್ಟಿಲ್ಲದೆ ಘಟ್ಟದಿಂದ ಕಡಲಿಗೆ ಹರಿಯುವ ನದಿ. ಅದರ ಅಳಿವೆ 2024ರಲ್ಲಿ ರಾಮ್‌ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎನಿಸಿತು. ಆಟೋದಲ್ಲಿ ಅಘನಾಶಿನಿ ಊರಿಗೆ ಬಂದಾಗ ಎಂಟೂವರೆ. ನೀರು ಇಳಿದು ನಡುವೆ ಕೆಸರ ದಿಬ್ಬ ಎದ್ದಿತ್ತು. ಮೊಣಕಾಲುದ್ದ ನೀರಿನಲ್ಲಿ ಹೆಂಗಸರು ಬಗ್ಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಒಬ್ಬಾಕೆ ದಡಕ್ಕೆ ಬಂದು ಬುಟ್ಟಿ ಇಳಿಸಿ, ಒಂದು ಹಿಡಿ ತೆಗೆದು ಮಗಳ ಅಂಗೈಗೆ ಹಾಕಿದರು. ಬೂದಿ ಬಣ್ಣದ ಚಿಪ್ಪು, ಮೇಲೆ ಕೂದಲೆಳೆಯಂಥ ಗೆರೆಗಳು, ಮುಚ್ಚಿದ ಬಾಯಿಂದ ಇನ್ನೂ ನೀರು ಜಿನುಗುತ್ತಿತ್ತು. "ದಿನಾ ಇದೇ ಹೊತ್ತಿಗೆ ಬರ್ತೀರಾ?" ಅಂತ ಅತ್ತೆ ಕೇಳಿದರು. "ಇಲ್ಲಾ ಅಮ್ಮಾ, ನೀರು ಇಳಿದಾಗ ಬರೂದು. ನಾಳೆ ಇನ್ನೂ ತಡ ಆಗ್ತದೆ." ಯಜಮಾನರು ನನ್ನ ಹಾಳೆ ತೆಗೆದು ಮರುದಿನದ ಸಾಲು ತೋರಿಸಿದರು. ಹೌದು, ಮುಕ್ಕಾಲು ಗಂಟೆ ತಡ.

ತಾರಿಯಲ್ಲಿ (ನದಿ ದಾಟಿಸುವ ದೋಣಿ) ಆಚೆ ದಡದ ತದಡಿ, ಅಲ್ಲಿಂದ ಇನ್ನೊಂದು ಆಟೋ. ಹತ್ತು ಗಂಟೆಗೆ ಗೋಕರ್ಣದ ರಥಬೀದಿ. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಯಜಮಾನರು ಅಂಗಿ ಬಿಚ್ಚಿ ಪಂಚೆಯಲ್ಲಿ ಬರಬೇಕಾದ್ದರಿಂದ ಪಂಚೆ ಮೊದಲೇ ಚೀಲದಲ್ಲಿಟ್ಟಿದ್ದೆ. ಸಾಲು ಉದ್ದವಿರಲಿಲ್ಲ. ಒಳಗೆ ಅತ್ತೆ ಎಷ್ಟು ಹೊತ್ತು ನಿಂತರೋ, ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ನಾನು ಏನೂ ಕೇಳಲಿಲ್ಲ.

ಊಟ ಮುಗಿಸಿ ತಾರಿಗೆ ಮರಳಿದಾಗ ಮೂರು ಗಂಟೆ. ಭರತ ತುಂಬಿ ಬಂದಿತ್ತು. ಬೆಳಗ್ಗೆ ಹೆಂಗಸರು ನಿಂತಿದ್ದ ಕೆಸರ ದಿಬ್ಬ ಕಾಣಿಸಲೇ ಇಲ್ಲ, ನಮ್ಮ ದೋಣಿ ಅದರ ಮೇಲೇ ಸಾಗುತ್ತಿತ್ತು. ಅತ್ತೆ ಪ್ರಸಾದದ ಪೊಟ್ಟಣವನ್ನು ಮಡಿಲಲ್ಲಿ ಹಿಡಿದು, "ಆ ಹೆಂಗಸು ಇಲ್ಲೇ ಅಲ್ವೇನೇ ನಿಂತಿದ್ದು?" ಎಂದು ನೀರಿನತ್ತ ಬೆರಳು ತೋರಿಸಿದರು.