ಬೆಳ್ಳಿ ತುಂಬಿದ ಹಲ್ಲು: ತೆಗೆಯುವುದು ಯಾವಾಗ, ಬಿಡುವುದು ಯಾವಾಗ

ನನ್ನ ಕ್ಲಿನಿಕ್ಕಿನಲ್ಲಿ ಹಲ್ಲಿಗೆ ಬೆಳ್ಳಿ ತುಂಬುವುದನ್ನು ನಿಲ್ಲಿಸಿ ಕೆಲವು ವರ್ಷಗಳಾದವು. ಹಿಂದೆ ಯಾರೋ ತುಂಬಿದ್ದನ್ನು ತೆಗೆಸಿಕೊಳ್ಳಲು ಬರುವವರು ಮಾತ್ರ ಹೆಚ್ಚುತ್ತಲೇ ಇದ್ದಾರೆ. ಯೂಟ್ಯೂಬ್ ನೋಡಿ ಬರುವವರು, ಪ್ರಕೃತಿ ಚಿಕಿತ್ಸೆಗೆ ಹೋದಲ್ಲಿ ಪಕ್ಕದ ಮಂಚದವರು ಹೇಳಿದ್ದನ್ನು ಕೇಳಿ ಬರುವವರು, ಗಲ್ಫಿನಲ್ಲಿರುವ ಮಗ ಕಳಿಸಿದ ವಾಟ್ಸಾಪ್ ತೋರಿಸುವವರು. ಕೇಳುವುದೆಲ್ಲ ಒಂದೇ: "ಡಾಕ್ಟ್ರೆ, ಇದರಲ್ಲಿ ಪಾದರಸ ಉಂಟಂತೆ, ಹೌದಾ?"

ಹೌದು, ಉಂಟು. ಅಮಾಲ್ಗಮ್ ಎನ್ನುವ ಆ ಮಿಶ್ರಣದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸವೇ. ಉಳಿದದ್ದು ಬೆಳ್ಳಿ, ತವರ, ತಾಮ್ರ, ಕೆಲವದರಲ್ಲಿ ಒಂದಿಷ್ಟು ಸತು. ಇದನ್ನು ಮುಚ್ಚಿಟ್ಟು ಮಾತಾಡಿದರೆ ನಮ್ಮ ಊರಲ್ಲಿ ನಡೆಯುವುದಿಲ್ಲ. ನನ್ನ ಕ್ಲಿನಿಕ್ ಕಾಸರಗೋಡಿನ ಬದಿಯಡ್ಕದ ಕಡೆ. ಬರುವವರಲ್ಲಿ ಪೆರ್ಲ, ಪಡ್ರೆ, ಮುಳ್ಳೇರಿಯದವರು ಬಹಳ. ಈ ಕಡೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಿದ್ದಾರೆ. ಕೆಳಗೆ ಬಾವಿ, ತೋಡು, ಮನೆ, ಶಾಲೆ. ಏನು ಬೀಳುತ್ತಿದೆ ಎಂದು ಕೆಳಗಿದ್ದವರಿಗೆ ಸರಿಯಾಗಿ ಹೇಳಿದವರಿಲ್ಲ. ಅಂಥ ಊರಿನವರೆದುರು ನಾನೂ ಬಿಳಿ ಕೋಟು ಹಾಕಿಕೊಂಡು "ಏನೂ ಆಗುವುದಿಲ್ಲ, ಬಾಯಿ ತೆರೆಯಿರಿ" ಎಂದರೆ ಅವರು ಎದ್ದು ಹೋದಾರು. ಹೋಗಬೇಕಾದದ್ದೇ.

ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ರೂಢಿ ಮಾಡಿಕೊಂಡೆ. ಗಟ್ಟಿಯಾಗಿ ಕೂತ ಬೆಳ್ಳಿಯಿಂದಲೂ ಜಗಿಯುವಾಗ, ಬಿಸಿ ಕುಡಿಯುವಾಗ, ರಾತ್ರಿ ಹಲ್ಲು ಮಸೆಯುವಾಗ ಪಾದರಸದ ಆವಿ ಸ್ವಲ್ಪ ಸ್ವಲ್ಪ ಹೊರಡುತ್ತದೆ. ಅದರಿಂದ ಸಾಮಾನ್ಯ ಜನರ ಆರೋಗ್ಯ ಕೆಡುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆವಿ ಅತಿ ಹೆಚ್ಚು ಏಳುವುದು ಎರಡೇ ಸಂದರ್ಭದಲ್ಲಿ: ತುಂಬುವಾಗ ಮತ್ತು ಕೊರೆದು ತೆಗೆಯುವಾಗ. ವಿಷದ ಭಯಕ್ಕೆ ತೆಗೆಸಲು ಬಂದವರಿಗೆ ಈ ಎರಡನೆಯದನ್ನು ಯಾರೂ ಹೇಳಿರುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಸೆಪ್ಟೆಂಬರಿನಲ್ಲಿ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 6 ವರ್ಷದೊಳಗಿನ ಮಕ್ಕಳು, ಕಿಡ್ನಿ ಅಥವಾ ನರದ ಕಾಯಿಲೆ ಇರುವವರಿಗೆಲ್ಲ ಅಮಾಲ್ಗಮ್ ಬೇಡ ಎಂದು ಸಲಹೆ ಕೊಟ್ಟಿತು. ಅದೇ ಸಲಹೆಯಲ್ಲಿ, ಸರಿಯಾಗಿರುವ ಹಳೆಯದನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಯಬೇಡಿ ಎಂದೂ ಇದೆ. ವಾಟ್ಸಾಪಿನಲ್ಲಿ ಮೊದಲರ್ಧ ಮಾತ್ರ ಓಡಾಡುತ್ತದೆ.

ನಾವು ಕಲಿಯುವ ಕಾಲದಲ್ಲಿ ಪಾದರಸಕ್ಕೆ ಹೆದರುವವರೇ ಇರಲಿಲ್ಲ. ಗಾಜಿನ ಪುಟ್ಟ ಕಲ್ಬತ್ತಿನಲ್ಲಿ ಬೆಳ್ಳಿಪುಡಿ ಹಾಕಿ, ಬಾಟಲಿಯಿಂದ ಪಾದರಸ ಬಿಟ್ಟು ಅರೆಯುವುದು. ಬೆಣ್ಣೆಯ ಹಾಗಾದ ಮೇಲೆ ಅಂಗೈಯಲ್ಲಿ ಹೊಸೆದು, ಬಟ್ಟೆಯಲ್ಲಿ ಹಿಂಡಿ, ಹೆಚ್ಚಾದ ಪಾದರಸ ತೆಗೆಯುವುದು. ಹಿಂಡಿದ್ದು ಮೇಜಿನಿಂದ ಉರುಳಿ ನೆಲದ ಸಂದಿಗೆ ಸೇರಿದರೆ ಆಯಾ ಪೊರಕೆ ತಂದು ಗುಡಿಸುತ್ತಿದ್ದಳು. ಪೊರಕೆ ತಾಗಿದರೆ ಒಂದು ಹನಿ ನೂರು ಹನಿಯಾಗಿ ಆವಿ ಇನ್ನೂ ಜಾಸ್ತಿ ಏಳುತ್ತದೆ ಎನ್ನುವುದು ಅವಳಿಗೂ ತಿಳಿಯದು, ನಮಗೂ ತಿಳಿಯದು. ಗೆಳತಿಯೊಬ್ಬಳ ಚಿನ್ನದ ಉಂಗುರಕ್ಕೆ ಪಾದರಸ ತಾಗಿ, ನೋಡನೋಡುತ್ತಿದ್ದಂತೆ ಬೆಳ್ಳಗಾಯಿತು. ಅವಳು ಅತ್ತದ್ದು ಉಂಗುರಕ್ಕಾಗಿ. ಆಮೇಲೆ ಅಳತೆ ಮಾಡಿ ತುಂಬಿದ ಕ್ಯಾಪ್ಸೂಲುಗಳು ಬಂದವು, ಕೈ ತಾಗಿಸುವುದು ನಿಂತಿತು. ರೋಗಿ ಆ ಗಾಳಿಯಲ್ಲಿ ಇರುವುದು ಅರ್ಧ ಗಂಟೆ. ಡಾಕ್ಟ್ರು, ನರ್ಸು, ಗುಡಿಸುವವರು ಇಡೀ ದಿನ ಅಲ್ಲೇ. ನಾನು ಅಮಾಲ್ಗಮ್ ಬಿಡಲು ಮುಖ್ಯ ಕಾರಣ ನಮ್ಮ ಕ್ಲಿನಿಕ್ಕಿನ ಹುಡುಗಿಯರು.

ಈಗ ತೆಗೆಯುವ ವಿಷಯ. ಬೆಳ್ಳಿಯ ಅಂಚು ಬಿರಿದು ಕೆಳಗೆ ಹುಳುಕು ಹಿಡಿದಿದ್ದರೆ, ಹಲ್ಲು ಸೀಳಿದ್ದರೆ, ಬೆಳ್ಳಿ ತಾಗುವ ಕಡೆಯೇ ಕೆನ್ನೆಯ ಒಳಗೆ ಬಿಳಿ ಬಲೆಯಂಥ ಕಲೆ ಎದ್ದು ಖಾರ ತಿಂದರೆ ಉರಿಯುತ್ತಿದ್ದರೆ ತೆಗೆಯುತ್ತೇನೆ. ಈ ಕೊನೆಯದು ಅಪರೂಪ, ಆದರೆ ಉಂಟು. ಸೀತಾಂಗೋಳಿ ಕಡೆಯ ಒಬ್ಬರು ಅಮ್ಮ ಉಪ್ಪಿನಕಾಯಿ ತಿನ್ನಲಾಗದೆ ಬಂದಿದ್ದರು. ಕನ್ನಡಿ ಇಟ್ಟು ನೋಡಿದರೆ, ಹಿಂದಿನ ದವಡೆ ಹಲ್ಲಿನ ಬೆಳ್ಳಿಗೆ ಎದುರಾಗಿ, ಅದರಷ್ಟೇ ಅಗಲಕ್ಕೆ, ಕೆನ್ನೆಯಲ್ಲಿ ಬಿಳಿ ಗೆರೆಗಳು. ಇನ್ನೊಂದು ಕೆನ್ನೆ ಸ್ವಚ್ಛ. ಮೊದಲು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿ, ಕ್ಯಾನ್ಸರಿನ ಸೂಚನೆ ಇಲ್ಲ ಎಂದು ಖಾತ್ರಿಯಾದ ಮೇಲೆ ಬೆಳ್ಳಿ ತೆಗೆದೆ. ಕೆಲವು ತಿಂಗಳಲ್ಲಿ ಗೆರೆ ಮಾಯ.

ತೆಗೆಯುವ ಕ್ರಮ ಹೀಗೆ. ಎಸಿ ಆಫ್, ಕಿಟಕಿ ತೆರೆದಿರಬೇಕು. ಹಲ್ಲಿಗೆ ರಬ್ಬರ್ ಡ್ಯಾಮ್ ಹಾಕುತ್ತೇನೆ: ತೆಳ್ಳಗಿನ ರಬ್ಬರ್ ಹಾಳೆಗೆ ತೂತು ಮಾಡಿ, ಕೆಲಸ ಮಾಡುವ ಹಲ್ಲು ಮಾತ್ರ ಮೇಲೆ ಬರುವ ಹಾಗೆ ಕ್ಲಾಂಪಿನಿಂದ ಹಿಡಿಸುವುದು. ಪುಡಿ ಗಂಟಲಿಗೆ ಇಳಿಯುವುದಿಲ್ಲ. ವಯಸ್ಸಾದವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ, ಆದ್ದರಿಂದ ಮೊದಲೇ "ಸಾಕು ಅನಿಸಿದರೆ ಎಡಗೈ ಎತ್ತಿ" ಎಂದಿರುತ್ತೇನೆ. ಕಣ್ಣಿಗೆ ಕನ್ನಡಕ, ಮುಖಕ್ಕೆ ಒದ್ದೆ ಬಟ್ಟೆ. ಇಡೀ ಬೆಳ್ಳಿಯನ್ನು ಅರೆದು ಪುಡಿ ಮಾಡುವುದು ತಪ್ಪು. ಕೊರೆಯುವ ಯಂತ್ರಕ್ಕೆ ಹೊಸ ಕಾರ್ಬೈಡ್ ಬರ್ (ಮೊನೆ) ಹಾಕಿ, ಧಾರಾಳ ನೀರು ಬಿಟ್ಟು, ಅಂಚಿನ ಸುತ್ತ ಗೀರಿ, ನಡುವೆ ಒಂದು ಗೀರು ಹಾಕಿದರೆ ತುಂಡುಗಳು ಎದ್ದು ಬರುತ್ತವೆ. ಎಷ್ಟು ಕಡಿಮೆ ಕೊರೆಯುತ್ತೇವೋ ಅಷ್ಟು ಕಡಿಮೆ ಬಿಸಿ, ಅಷ್ಟು ಕಡಿಮೆ ಆವಿ. ದೊಡ್ಡ ಬಾಯಿಯ ಸಕ್ಷನ್, ಅಂದರೆ ನೀರು, ಪುಡಿ ಎಳೆದುಕೊಳ್ಳುವ ಕೊಳವೆ, ಹಲ್ಲಿನ ಪಕ್ಕದಿಂದ ಕದಲಬಾರದು. ನಾವು ದಿನಾ ಕಟ್ಟುವ ಮಾಸ್ಕ್ ಪಾದರಸದ ಆವಿಗೆ ಏನೇನೂ ಸಾಲದು, ಅದಕ್ಕೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಹಲವು ಹಲ್ಲಿದ್ದರೆ ಒಂದೇ ದಿನ ಎಲ್ಲಕ್ಕೂ ಕೈ ಹಾಕುವುದಿಲ್ಲ. ಗರ್ಭಿಣಿಯಾದರೆ, ನೋವಿಲ್ಲದಿದ್ದರೆ, ಹೆರಿಗೆ ಮುಗಿದು ಮಗು ಹಾಲು ಬಿಟ್ಟ ಮೇಲೆ ಬನ್ನಿ ಎನ್ನುತ್ತೇನೆ.

ಎದ್ದು ಬಂದ ತುಂಡು, ಸಕ್ಷನ್ ಜಾಲರಿಯಲ್ಲಿ ಸಿಕ್ಕಿದ ಚೂರು, ಬೆಳ್ಳಿ ಇರುವ ಕಿತ್ತ ಹಲ್ಲು, ಇವು ಯಾವುದೂ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಗಬಾರದು. ಹಳದಿ ಚೀಲದ್ದನ್ನು ಸುಡುತ್ತಾರೆ. ಸುಟ್ಟರೆ ಪಾದರಸ ಆವಿಯಾಗಿ ಪುನಃ ಮಳೆಯಲ್ಲಿ ನಮ್ಮ ತೋಡಿಗೇ ಬರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೀರಿನಡಿ ಇಟ್ಟು, ಬೇರೆಯಾಗಿಯೇ ಕೊಡಬೇಕು. ಬೇಸಿನ್ನಿಗೆ ತೊಳೆದುಬಿಡುವ ಕ್ಲಿನಿಕ್ಕುಗಳನ್ನು ನಾನು ನೋಡಿದ್ದೇನೆ. ಹಲ್ಲು ಶುದ್ಧವಾಯಿತು ಎಂದು ರೋಗಿ ಖುಷಿಯಲ್ಲಿ ಮನೆಗೆ ಹೋಗುತ್ತಾನೆ, ಪಾದರಸ ಅವನ ಹಿಂದೆಯೇ ಚರಂಡಿಯಲ್ಲಿ.

ಬೆಳ್ಳಿ ಬಿಟ್ಟ ಮೇಲೆ ಏನು ತುಂಬುವುದು? ಬಿಳಿಯದಾದರೆ ನಿರಪಾಯ ಎಂದು ಜನ ತಿಳಿದುಕೊಂಡಿದ್ದಾರೆ. ಆ ಬಿಳಿಯದು, ಕಾಂಪೋಸಿಟ್, ಒಂದು ಬಗೆಯ ಪ್ಲಾಸ್ಟಿಕ್ಕೇ, ರಾಳದಲ್ಲಿ ಗಾಜಿನ ಪುಡಿ. ಕೆಲವು ರಾಳಗಳಿಂದ ಬಿಪಿಎ ಎನ್ನುವ ರಾಸಾಯನಿಕ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಹೊರಬರಬಹುದು, ಹೆಚ್ಚಾಗಿ ತುಂಬಿದ ಮೊದಲ ಹೊತ್ತಿನಲ್ಲಿ. ನೀಲಿ ಬೆಳಕು ಸರಿಯಾಗಿ ತಾಗದಿದ್ದರೆ ಗಟ್ಟಿಯಾಗದ ರಾಳ ಒಳಗೇ ಉಳಿಯುತ್ತದೆ. ಅದಕ್ಕೆ 2 ಮಿಲಿಮೀಟರಿಗಿಂತ ದಪ್ಪ ಪದರ ಹಾಕುವುದಿಲ್ಲ, ಲೈಟಿನ ಶಕ್ತಿಯನ್ನು ಮೀಟರ್ ಇಟ್ಟು ನೋಡುತ್ತಿರುತ್ತೇನೆ, ಕೊನೆಗೆ ಮೇಲಿನ ಅಂಟು ಪದರ ಒರೆಸಿ ಬಾಯಿ ಮುಕ್ಕಳಿಸಿಸುತ್ತೇನೆ. ಮಕ್ಕಳಿಗೆ ಗ್ಲಾಸ್ ಅಯನೊಮರ್ ಎನ್ನುವ ಸಿಮೆಂಟು. ಅದು ಹಲ್ಲಿಗೆ ತಾನೇ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಆದರೆ ಬೇಗ ಸವೆಯುತ್ತದೆ. ಬಾಳಿಕೆಯಲ್ಲಿ ಹಳೆ ಬೆಳ್ಳಿಗೆ ಇವೆರಡೂ ಸರಿಸಾಟಿಯಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಕ್ಯಾಪ್ ಹಾಕುವ ಮೊದಲು ಹೆಂಗಸರಿಗೆ ನನ್ನದೊಂದು ಪ್ರಶ್ನೆ: "ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ತುರಿಸುತ್ತದಾ?" ಹೌದು ಎಂದರೆ ನಿಕ್ಕೆಲ್ ಅಲರ್ಜಿ ಇರುವ ಸಾಧ್ಯತೆ ಹೆಚ್ಚು. ಅಗ್ಗದ ಲೋಹದ ಕ್ಯಾಪುಗಳು ಬಹುಪಾಲು ನಿಕ್ಕೆಲ್-ಕ್ರೋಮಿಯಂ. ಅಂಥವರಿಗೆ ಪಿಂಗಾಣಿಯಂಥ ಜಿರ್ಕೋನಿಯ, ಇಲ್ಲವೇ ನಿಕ್ಕೆಲ್ ಇಲ್ಲದ ಲೋಹ. ಮಂಗಳೂರಿನ ಲ್ಯಾಬಿನವರಿಗೆ ಬಿಲ್ಲಿನಲ್ಲಿ ಲೋಹದ ಹೆಸರು ಬರೆದೇ ಕಳಿಸಿ ಎಂದಾಗ ಮೊದಮೊದಲು ಮುಖ ಸಿಂಡರಿಸಿದರು. ಬೆರಿಲಿಯಂ ಸೇರಿದ ಲೋಹವಾದರೆ ಉಜ್ಜುವಾಗ ಧೂಳು ಕುಡಿಯುವುದು ನಿಮ್ಮದೇ ಹುಡುಗರು, ಶ್ವಾಸಕೋಶ ಹೋಗುವುದು ಅವರದ್ದು ಎಂದೆ. ಈಗ ಬರೆಯುತ್ತಾರೆ. ಹಲ್ಲಿನ ಸೆಟ್ಟು ಬಂದರೆ ಒಂದು ದಿನ ನೀರಿನಲ್ಲಿ ನೆನೆಹಾಕಿಯೇ ಕೊಡುವುದು, ಗಟ್ಟಿಯಾಗದೆ ಉಳಿದ ರಾಸಾಯನಿಕ (ಮಾನೊಮರ್) ಇಳಿಯಲಿ ಎಂದು. ನಾಳೆ ಮೊಮ್ಮಗಳ ಮದುವೆ ಎಂದವರಿಗೂ ಇದೇ ನಿಯಮ.

ಯಾರ ಬಾಯಿಗೆ ಏನು ಹಾಕಿದೆನೋ ಅದರ ಹೆಸರು, ಬ್ಯಾಚ್ ನಂಬರ್, ತಾರೀಕು ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಪೆಟ್ಟಿಗೆಯನ್ನೂ ತೋರಿಸುತ್ತೇನೆ. ಹೆಚ್ಚಿನವರು ಓದುವುದಿಲ್ಲ, ಮಡಚಿ ಪರ್ಸಿಗೆ ಹಾಕುತ್ತಾರೆ. ಪಡ್ರೆ ಕಡೆಯ ಒಬ್ಬರು ಅಜ್ಜ ಮಾತ್ರ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಇಷ್ಟು ಆಗ ಯಾರಾದರೂ ಬರೆದು ಕೊಟ್ಟಿದ್ದರೆ" ಎಂದರು.

ಇಷ್ಟೆಲ್ಲ ವಿಚಾರಿಸುವವರ ಬಾಯಲ್ಲಿ ಎಲೆಅಡಿಕೆ, ಹೊಗೆಸೊಪ್ಪು ಇರುವುದೂ ಉಂಟು. ಪಾದರಸ ಬೇಡ ಎನ್ನುವವರಿಗೆ, ಅದನ್ನು ಜಗಿದು ಜಗಿದು ಬಾಯಿ ಬಿಗಿದು, ಎರಡು ಬೆರಳಿನಷ್ಟೂ ತೆರೆಯಲು ಬರುವುದಿಲ್ಲ, ಕ್ಲಾಂಪ್ ಕೂರಿಸಲೂ ಜಾಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿಯಾಗಿದೆ. ನಮ್ಮ ಮನೆಯದ್ದೂ ಅಡಿಕೆ ತೋಟವೇ, ಹಾಗಾಗಿ ಇದನ್ನು ಹೇಳಿ ಬೈಸಿಕೊಳ್ಳುವುದು ಅಭ್ಯಾಸವಾಗಿದೆ.

ಬೇರು ಚಿಕಿತ್ಸೆ ಮಾಡಿದ ಹಲ್ಲು ಮೈಗೆಲ್ಲ ರೋಗ ತರುತ್ತದೆ, ಕೀಳಿಸಿಬಿಡಿ ಎಂಬ ಮಾತಂತೂ ನೂರು ವರ್ಷ ಹಳೆಯದು. ಆ ಕಾಲದ ಪ್ರಯೋಗಗಳು ಆಮೇಲಿನ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅದಕ್ಕೆ ಇಷ್ಟೇ ಸಾಕು.

ಒಬ್ಬರು ಮಾಸ್ತರರು ತಲೆನೋವು, ಸುಸ್ತು ಎಂದು ಬಾಯಿಯ ಬೆಳ್ಳಿಯೆಲ್ಲ ತೆಗೆಯಿರಿ ಎಂದು ಹಟ ಹಿಡಿದರು. ಎಲ್ಲ ಗಟ್ಟಿಮುಟ್ಟಾಗಿತ್ತು, ನಾನು ಒಪ್ಪಲಿಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಫಿಸಿಶಿಯನ್ನರನ್ನು ನೋಡಿ ಎಂದೆ. ಅವರು ಬೇರೆ ಕಡೆ ಹೋಗಿ ತೆಗೆಸಿದರು. ಮೊನ್ನೆ ಪೇಟೆಯಲ್ಲಿ ಸಿಕ್ಕಿ, ಈಗ ಹಗುರ ಉಂಟು ಎಂದರು. ಸಂತೋಷ ಎಂದೆ. ಒಂದು ಹಲ್ಲು ತಣ್ಣೀರಿಗೆ ಜುಮ್ಮೆನ್ನುತ್ತದೆ ಎಂದೂ ಹೇಳಿದರು. ನೋಡುತ್ತೇನೆ ಬನ್ನಿ ಎಂದಿದ್ದೇನೆ.

ಪಾದರಸದ ಬಳಕೆ ತಗ್ಗಿಸುವ ಅಂತಾರಾಷ್ಟ್ರೀಯ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. 2022ರಲ್ಲಿ ಆ ಒಪ್ಪಂದಕ್ಕೆ 15 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಅಮಾಲ್ಗಮ್ ಬಳಕೆ ತಡೆಯುವ ತಿದ್ದುಪಡಿ ಬಂತು. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಬಹುತೇಕ ನಿಲ್ಲಿಸಿಯೇ ಬಿಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಜಿನೀವಾದಲ್ಲಿ ನಡೆದ ಒಪ್ಪಂದದ ದೇಶಗಳ ಸಭೆ ಅಮಾಲ್ಗಮ್ ನಿಲ್ಲಿಸಲು 2034ರ ಗಡುವು ಹಾಕಿತು. ಈ ಗಡುವು ಹೊಸದಾಗಿ ತುಂಬುವುದಕ್ಕೆ ಮಾತ್ರ, ಬಾಯಲ್ಲಿ ಆಗಲೇ ಕೂತದ್ದನ್ನು ಕಿತ್ತು ತೆಗೆಯಿರಿ ಎಂದಲ್ಲ. ಬಂದವರಿಗೆಲ್ಲ ಇದನ್ನು ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಮಂಗಳೂರಿನ ಬಸ್ಸು ಹತ್ತುತ್ತಾರೆ.